ಹೂಡಿಕೆ ಬ್ಯಾಂಕಿಂಗ್, ಕಾರ್ಪೊರೇಟ್ ಬ್ಯಾಂಕಿಂಗ್: ವೃತ್ತಿಯ ಮೊದಲ ವರ್ಷಗಳ ಬಗ್ಗೆ ಓದುಗರ ಪ್ರಶ್ನೆಗಳು

ಈ ಅಂಕಣಕ್ಕೆ ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ದೊಡ್ಡ ಕಂಪನಿಗಳೊಂದಿಗೆ ವ್ಯವಹರಿಸುವ ಬ್ಯಾಂಕಿಂಗ್ ಉದ್ಯೋಗಗಳನ್ನು ಕುರಿತವು. ಅವುಗಳಲ್ಲಿ ಐದನ್ನು ಆರಿಸಿ, ಬರೆದವರ ಹೆಸರುಗಳನ್ನು ಬಿಟ್ಟು, ಇಲ್ಲಿ ಉತ್ತರಿಸಿದ್ದೇನೆ.

ಪ್ರಶ್ನೆ: ನಾನು ದಾವಣಗೆರೆಯಲ್ಲಿ ಅಂತಿಮ ವರ್ಷದ ಬಿ.ಕಾಂ. ವಿದ್ಯಾರ್ಥಿ. ಹತ್ತನೇ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವನು. ಹೂಡಿಕೆ ಬ್ಯಾಂಕಿಂಗ್ ಮತ್ತು ಕಾರ್ಪೊರೇಟ್ ಬ್ಯಾಂಕಿಂಗ್ ನಡುವಿನ ವ್ಯತ್ಯಾಸವೇನು? ಐಐಎಂನಂತಹ ಸಂಸ್ಥೆಯಲ್ಲಿ ಓದದವರಿಗೆ ಈ ಕ್ಷೇತ್ರದಲ್ಲಿ ಜಾಗ ಉಂಟೆ?

ಉತ್ತರ: ಕಾರ್ಪೊರೇಟ್ ಬ್ಯಾಂಕರ್‌ಗಳು ತಮ್ಮ ಬ್ಯಾಂಕಿನ ಹಣವನ್ನು ಕಂಪನಿಗೆ ಸಾಲವಾಗಿ ಕೊಡುತ್ತಾರೆ. ಹೂಡಿಕೆ ಬ್ಯಾಂಕರ್‌ಗಳು ಹೂಡಿಕೆದಾರರ ಹಣವನ್ನು ಷೇರು ಅಥವಾ ಬಾಂಡುಗಳ ಮೂಲಕ ಕಂಪನಿಗೆ ತಂದುಕೊಡುತ್ತಾರೆ. ಒಂದು ಕಂಪನಿ ಇನ್ನೊಂದನ್ನು ಕೊಳ್ಳುವಾಗ ಬೆಲೆ ಕಟ್ಟಿ, ಮಾತುಕತೆಯಲ್ಲಿ ಸಲಹೆ ಕೊಡುತ್ತಾರೆ. ಉಳಿದ ವ್ಯತ್ಯಾಸಗಳೆಲ್ಲ ಇದರಿಂದಲೇ ಹುಟ್ಟುತ್ತವೆ. ಸಾಲ ಕೊಟ್ಟವರ ಆದಾಯ ಬಡ್ಡಿ, ಆದ್ದರಿಂದ ಸಾಲ ತೀರುವ ಏಳೆಂಟು ವರ್ಷಗಳ ಕಾಲ ಅವರು ಆ ಕಂಪನಿಯ ಏಳುಬೀಳುಗಳಲ್ಲಿ ಜೊತೆಗಿರಬೇಕು. ಹೂಡಿಕೆ ಬ್ಯಾಂಕರ್‌ಗಳ ಆದಾಯ ಶುಲ್ಕ, ವ್ಯವಹಾರ ಮುಗಿದ ದಿನ ಅವರ ಕೆಲಸವೂ ಬಹುಮಟ್ಟಿಗೆ ಮುಗಿಯುತ್ತದೆ. ಮೊದಲನೆಯವರು ಕೇಳುವ ಪ್ರಶ್ನೆ, ಹಣ ವಾಪಸು ಬರುತ್ತದೆಯೇ ಎಂಬುದು. ಎರಡನೆಯವರು ಕೇಳುವುದು, ಈ ಕಂಪನಿಯ ಬೆಲೆ ಎಷ್ಟು, ಆ ಬೆಲೆಗೆ ಕೊಳ್ಳುವವರು ಯಾರು ಎಂದು.

ನಮ್ಮ ಕಾನೂನಿನಲ್ಲಿ ಹೂಡಿಕೆ ಬ್ಯಾಂಕರ್‌ಗಳನ್ನು ಮರ್ಚೆಂಟ್ ಬ್ಯಾಂಕರ್ ಎನ್ನುತ್ತಾರೆ. ಷೇರುಪೇಟೆಯ ನಿಯಂತ್ರಣ ಸಂಸ್ಥೆಯಾದ ಸೆಬಿಯ 1992ರ ನಿಯಮಗಳ ಪ್ರಕಾರ ಅವರು ನೋಂದಣಿ ಪಡೆದಿರಬೇಕು. ಎಸ್‌ಬಿಐ ಕ್ಯಾಪಿಟಲ್ ಮಾರ್ಕೆಟ್ಸ್, ಕೋಟಕ್ ಮಹೀಂದ್ರ ಕ್ಯಾಪಿಟಲ್, ಜೆಎಂ ಫೈನಾನ್ಷಿಯಲ್, ಆಕ್ಸಿಸ್ ಕ್ಯಾಪಿಟಲ್ ಮೊದಲಾದ ದೇಶೀಯ ಸಂಸ್ಥೆಗಳೂ ವಿದೇಶಿ ಬ್ಯಾಂಕುಗಳೂ ಈ ಕೆಲಸವನ್ನು ಮುಖ್ಯವಾಗಿ ಮುಂಬೈಯಿಂದ ನಡೆಸುತ್ತವೆ. ಕೆಲಸದ ತಿರುಳು ಏನೆಂಬುದಕ್ಕೆ ನಮ್ಮ ನಾಡಿನದೇ ಉದಾಹರಣೆಯಿದೆ. ಇನ್ಫೊಸಿಸ್ 1993ರಲ್ಲಿ ಒಂದು ಷೇರಿಗೆ 95 ರೂಪಾಯಿಯಂತೆ ಸಾರ್ವಜನಿಕರಿಗೆ ಷೇರು ನೀಡಲು ಹೊರಟಾಗ ಅರ್ಜಿಗಳು ಸಾಲದೆ ಹೋದವು; ಮಾರ್ಗನ್ ಸ್ಟಾನ್ಲಿ ಶೇ 13ರಷ್ಟು ಪಾಲನ್ನು ಕೊಂಡದ್ದರಿಂದ ಆ ವಿತರಣೆ ದಡ ಸೇರಿತು. ಹೇಳಿಕೊಳ್ಳುವಂಥ ಕಾರ್ಖಾನೆ, ಯಂತ್ರಗಳಿಲ್ಲದ ಕಂಪನಿಯ ಬೆಲೆ ಎಲ್ಲಿಂದ ಬರುತ್ತದೆ ಎಂಬುದನ್ನು ಹೂಡಿಕೆದಾರರಿಗೆ ಅರ್ಥ ಮಾಡಿಸುವುದು, ಅದೂ ಒಂದೂ ಸುಳ್ಳು ಹೇಳದೆ ಅರ್ಥ ಮಾಡಿಸುವುದು ಈ ವೃತ್ತಿಯ ಕಷ್ಟದ ಭಾಗ.

ಇನ್ನು ಜಾಗದ ವಿಷಯ. ಬಿ.ಕಾಂ. ಮುಗಿಸಿದ ಕೂಡಲೇ ಮುಂಬೈಯ ವ್ಯವಹಾರ ತಂಡವೊಂದಕ್ಕೆ ಸೇರುವುದು ಬಹಳ ಅಪರೂಪ. ಅದನ್ನು ನಂಬಿ ಕಾಯಬೇಡಿ. ಆದರೆ ಐಐಎಂ ಒಂದೇ ಬಾಗಿಲು ಎಂಬುದೂ ನಿಜವಲ್ಲ. ನಿಮ್ಮ ಹಿನ್ನೆಲೆಯವರಿಗೆ ಅತ್ಯಂತ ಗಟ್ಟಿಯಾದ ದಾರಿ ಸಿಎ. 2023ರ ಜುಲೈಯಿಂದ ಜಾರಿಗೆ ಬಂದ ಹೊಸ ಪಠ್ಯಕ್ರಮದಲ್ಲಿ, ಲೆಕ್ಕಪರಿಶೋಧಕರ ಕಚೇರಿಯಲ್ಲಿ ದುಡಿದು ಕಲಿಯುವ ಆರ್ಟಿಕಲ್‌ಶಿಪ್ ಅವಧಿ ಎರಡು ವರ್ಷಕ್ಕೆ ಇಳಿದಿದೆ. ಆ ಎರಡು ವರ್ಷಗಳನ್ನು ತೆರಿಗೆ ರಿಟರ್ನ್ ತುಂಬುವುದರಲ್ಲೇ ಕಳೆಯದೆ, ಕಂಪನಿಗಳ ಶಾಸನಬದ್ಧ ಲೆಕ್ಕಪರಿಶೋಧನೆ ಮತ್ತು ಬ್ಯಾಂಕ್ ಆಡಿಟ್ ಮಾಡುವ ಕಚೇರಿಯನ್ನು ಹುಡುಕಿ ಸೇರಿಕೊಳ್ಳಿ. ಅಲ್ಲಿಂದ ದೊಡ್ಡ ಲೆಕ್ಕಪರಿಶೋಧನಾ ಸಂಸ್ಥೆಗಳಲ್ಲಿ ವಿಲೀನ–ಖರೀದಿಗಳ ಪೂರ್ವಪರಿಶೀಲನೆ ಮಾಡುವ ತಂಡಗಳಿಗೆ, ಆಮೇಲೆ ಹೂಡಿಕೆ ಬ್ಯಾಂಕಿಗೆ ಹೋದವರು ಬಹಳಷ್ಟು ಮಂದಿ ಇದ್ದಾರೆ. ಎರಡನೆಯ ದಾರಿ, ಕಂಪನಿಗಳ ಸಾಲ ತೀರಿಸುವ ಶಕ್ತಿಯನ್ನು ಅಳೆಯುವ ರೇಟಿಂಗ್ ಸಂಸ್ಥೆಗಳದು: 1987ರಲ್ಲಿ ಆರಂಭವಾದ ಕ್ರಿಸಿಲ್, 1991ರ ಇಕ್ರಾ, 1993ರ ಕೇರ್. ಸಕ್ಕರೆಯೋ ಸಿಮೆಂಟೋ ಜವಳಿಯೋ, ಒಂದೇ ಉದ್ಯಮದ ಹತ್ತಾರು ಕಂಪನಿಗಳ ಲೆಕ್ಕಪತ್ರಗಳನ್ನು ವರ್ಷವಿಡೀ ಓದುವ, ಮಾಲೀಕರನ್ನು ಮುಖಾಮುಖಿ ಕೂರಿಸಿಕೊಂಡು ಪ್ರಶ್ನಿಸುವ ಅವಕಾಶ ಇಪ್ಪತ್ನಾಲ್ಕು ವರ್ಷದವರಿಗೆ ಬೇರೆಲ್ಲೂ ಅಷ್ಟು ಸುಲಭವಾಗಿ ಸಿಗುವುದಿಲ್ಲ. ಸಂಬಳ ಹೂಡಿಕೆ ಬ್ಯಾಂಕಿನಷ್ಟು ಇರುವುದಿಲ್ಲ. ಆದರೂ ಕಲಿಯುವ ಹಂಬಲವಿರುವವರಿಗೆ ನಾನು ಮೊದಲು ಸೂಚಿಸುವುದು ಇದನ್ನೇ. ಸಿಎಫ್‌ಎ ಪರೀಕ್ಷೆಯ ಮೂರು ಹಂತಗಳು ಜ್ಞಾನವನ್ನು ಖಂಡಿತ ಕೊಡುತ್ತವೆ, ಆದರೆ ಅದರ ಬಲದ ಮೇಲಷ್ಟೇ ಯಾರೂ ಕರೆದು ಕೆಲಸ ಕೊಡುವುದಿಲ್ಲ.

ಕನ್ನಡ ಮಾಧ್ಯಮದ ಬಗ್ಗೆ ನಿಮಗಿರುವ ಅಳುಕು ನನಗೆ ಅರ್ಥವಾಗುತ್ತದೆ. ಈ ಕ್ಷೇತ್ರದ ಬರವಣಿಗೆಯೆಲ್ಲ ಇಂಗ್ಲಿಷಿನಲ್ಲಿ ನಡೆಯುತ್ತದೆ, ನಿಜ. ಆದರೆ ಅದು ಸಣ್ಣ ವಾಕ್ಯಗಳ, ಅಂಕಿಅಂಶಗಳ ಇಂಗ್ಲಿಷ್. ಅಭ್ಯಾಸದಿಂದ ಒಂದೂವರೆ ವರ್ಷದಲ್ಲಿ ಕೈಗೆ ಬರುತ್ತದೆ. ಅದಕ್ಕೊಂದು ಅಭ್ಯಾಸ ಹೇಳುತ್ತೇನೆ. 2024ರ ನವೆಂಬರ್‌ನಲ್ಲಿ ಷೇರುಪೇಟೆಗೆ ಬಂದ ಬೆಂಗಳೂರಿನ ಸ್ವಿಗ್ಗಿಯ ಪ್ರಾಸ್ಪೆಕ್ಟಸ್ (ಷೇರು ನೀಡುವ ಮುನ್ನ ಕಂಪನಿ ಹೊರಡಿಸುವ ಮಾಹಿತಿ ದಾಖಲೆ) ಸೆಬಿಯ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತದೆ. ಒಟ್ಟು 11,327 ಕೋಟಿ ರೂಪಾಯಿಯ ಆ ವಿತರಣೆಯಲ್ಲಿ ಕಂಪನಿಗೆ ಸಂದದ್ದು 4,499 ಕೋಟಿ. ಉಳಿದದ್ದು ಹಳೆಯ ಹೂಡಿಕೆದಾರರು ತಮ್ಮ ಷೇರುಗಳನ್ನು ಮಾರಿ ಪಡೆದ ಹಣ. ಆ 4,499 ಕೋಟಿಯನ್ನು ಯಾವ ಯಾವುದಕ್ಕೆ ಬಳಸುವುದಾಗಿ ಕಂಪನಿ ಹೇಳಿದೆ, ಸಾಮಾನ್ಯವಾಗಿ ಶೇ 35ರಷ್ಟು ಸಿಗುವ ಚಿಲ್ಲರೆ ಹೂಡಿಕೆದಾರರಿಗೆ ಇಲ್ಲಿ ಶೇ 10ರಷ್ಟನ್ನು ಮಾತ್ರ ಮೀಸಲಿಟ್ಟದ್ದು ಏಕೆ, ನಷ್ಟದಲ್ಲಿದ್ದ ಕಂಪನಿಯ ಷೇರಿಗೆ 371ರಿಂದ 390 ರೂಪಾಯಿ ಬೆಲೆಯನ್ನು ಯಾವ ಆಧಾರದ ಮೇಲೆ ಸಮರ್ಥಿಸಲಾಯಿತು, ಈ ಮೂರು ಪ್ರಶ್ನೆಗಳಿಗೆ ಆ ದಾಖಲೆಯಿಂದಲೇ ಉತ್ತರ ಹುಡುಕಿ ಒಂದು ಪುಟದ ಟಿಪ್ಪಣಿ ಬರೆಯಿರಿ. ವಾರಕ್ಕೊಂದು ಕಂಪನಿಯಂತೆ ಹೀಗೆ ಬರೆಯುತ್ತ ಹೋದರೆ, ಸಂದರ್ಶನಕ್ಕೆ ಹೋಗುವ ಹೊತ್ತಿಗೆ ನಿಮ್ಮ ಬಳಿ ಹೇಳಲು ನಿಜವಾದ ಸರಕು ಇರುತ್ತದೆ.

ಮುಂದೆ ಐಸಿಐಸಿಐ ಬ್ಯಾಂಕಿನ ಮುಖ್ಯಸ್ಥರಾದ ಮಂಗಳೂರಿನ ಕೆ.ವಿ. ಕಾಮತ್ ಅವರು ಸುರತ್ಕಲ್‌ನಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದಿ, ಅಹಮದಾಬಾದ್ ಐಐಎಂ ಮುಗಿಸಿ, 1971ರಲ್ಲಿ ಐಸಿಐಸಿಐ ಸೇರಿದಾಗ ಮಾಡಿದ ಮೊದಲ ಕೆಲಸ ಯೋಜನೆಗಳಿಗೆ ಸಾಲ ಕೊಡುವ ವಿಭಾಗದಲ್ಲಿ. ಕಾರ್ಖಾನೆಯೊಂದು ನಿಲ್ಲಲು ಎಷ್ಟು ಹಣ ಬೇಕು, ಅದು ದುಡಿದು ಸಾಲ ತೀರಿಸಲು ಎಷ್ಟು ವರ್ಷ ಬೇಕು ಎಂದು ಲೆಕ್ಕ ಹಾಕುವ ವಿಭಾಗ ಅದು. ಮುಂದೆ ಯಾವ ಹುದ್ದೆಗೆ ಹೋದರೂ ಉಪಯೋಗಕ್ಕೆ ಬರುವ ಕಲಿಕೆ ಅಂಥ ಮೇಜಿನಲ್ಲಿ ಆಗುತ್ತದೆ. ಮೊದಲ ಕೆಲಸವನ್ನು ಆರಿಸುವಾಗ ಸಂಸ್ಥೆಯ ಹೆಸರನ್ನು ಆಮೇಲೆ ನೋಡಿ. ಒಂದು ಕಂಪನಿಯ ಹಣ ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತದೆ ಎಂಬುದನ್ನು ಪೂರ್ತಿಯಾಗಿ ಕಾಣಲು ಆ ಮೇಜು ಬಿಡುತ್ತದೆಯೇ ಎಂದು ಮೊದಲು ನೋಡಿ.

ಪ್ರಶ್ನೆ: ಬೆಂಗಳೂರಿನಲ್ಲಿರುವ ವಿದೇಶಿ ಬ್ಯಾಂಕೊಂದರ ಕೇಂದ್ರದಲ್ಲಿ ಎರಡು ವರ್ಷಗಳಿಂದ ಅನಲಿಸ್ಟ್ ಆಗಿದ್ದೇನೆ. ನ್ಯೂಯಾರ್ಕ್ ತಂಡಕ್ಕಾಗಿ ಕಂಪನಿಗಳ ಹೋಲಿಕೆ ಪಟ್ಟಿಗಳನ್ನೂ ಗ್ರಾಹಕರ ಮುಂದಿಡುವ ಪ್ರಸ್ತಾವದ ಪಿಚ್‌ಬುಕ್ ಪುಟಗಳನ್ನೂ ತಯಾರಿಸುತ್ತೇನೆ. ಇದನ್ನು ಹೂಡಿಕೆ ಬ್ಯಾಂಕಿಂಗ್ ಅನುಭವವೆಂದು ಒಪ್ಪುತ್ತಾರೆಯೇ? ಮುಂಬೈಯ ವ್ಯವಹಾರ ತಂಡಕ್ಕೆ ಹೋಗುವುದು ಹೇಗೆ?

ಉತ್ತರ: ಗೋಲ್ಡ್‌ಮನ್ ಸ್ಯಾಕ್ಸ್ 2004ರಲ್ಲಿ ಬೆಂಗಳೂರಿನಲ್ಲಿ ಕಚೇರಿ ತೆರೆದ ಮೇಲೆ ಈ ಎರಡು ದಶಕಗಳಲ್ಲಿ ಇಂತಹ ಕೇಂದ್ರಗಳ ಕೆಲಸದ ಮಟ್ಟ ಬಹಳ ಏರಿದೆ. ಅದನ್ನು ಕೀಳಾಗಿ ಕಾಣುವವರ ಮಾತಿಗೆ ನೀವು ಕಿವಿಗೊಡಬೇಕಾಗಿಲ್ಲ. ಆದರೆ ಒಂದು ಕೊರತೆ ನಿಜವಾಗಿಯೂ ಇದೆ: ನೀವು ಮಾಡಿಕೊಟ್ಟ ಪುಟ ಎಲ್ಲಿ ಹೋಯಿತು, ಗ್ರಾಹಕರು ಅದನ್ನು ನೋಡಿ ಏನೆಂದರು, ಕೊನೆಗೆ ಯಾವ ಬೆಲೆಗೆ ಒಪ್ಪಂದವಾಯಿತು ಎಂಬುದು ನಿಮಗೆ ತಿಳಿಯುವುದೇ ಇಲ್ಲ. ಮುಂಬೈಯ ಸಂದರ್ಶನದಲ್ಲಿ ನಿಮ್ಮನ್ನು ತಡೆಯುವ ಪ್ರಶ್ನೆಗಳೂ ಇವೇ.

ಆದ್ದರಿಂದ ಮುಂದಿನ ಆರು ತಿಂಗಳಲ್ಲಿ ಕೆಲಸವನ್ನು ಆ ದಿಕ್ಕಿಗೆ ತಿರುಗಿಸಿಕೊಳ್ಳಿ. ಎಲ್ಲ ಉದ್ಯಮಗಳ ಚೂರುಪಾರು ಕೆಲಸಗಳ ಬದಲು ಒಂದೇ ಉದ್ಯಮದ ಹೊಣೆಯನ್ನು ಕೇಳಿ ಪಡೆಯಿರಿ. ನ್ಯೂಯಾರ್ಕಿನ ಹಿರಿಯರು ಗ್ರಾಹಕರೊಂದಿಗೆ ನಡೆಸುವ ಕರೆಗಳಲ್ಲಿ ಕೇಳುಗರಾಗಿಯಾದರೂ ಕೂರಲು ಅನುಮತಿ ಕೇಳಿ. ಕೇಳಿದವರಿಗೆ ಇದು ಸಿಗುತ್ತದೆ, ಕೇಳದವರಿಗೆ ತಾನಾಗಿ ಸಿಗುವುದಿಲ್ಲ. ಬೇರೆಯವರು ಕಟ್ಟಿಕೊಟ್ಟ ಹಣಕಾಸು ಲೆಕ್ಕಾಚಾರದ ಮಾಡೆಲ್‌ನಲ್ಲಿ ಅಂಕಿ ಬದಲಿಸುವುದನ್ನು ಬಿಟ್ಟು, ಖಾಲಿ ಹಾಳೆಯಿಂದ ಲಾಭ–ನಷ್ಟ, ಬ್ಯಾಲೆನ್ಸ್ ಶೀಟ್, ನಗದು ಹರಿವು ಮೂರನ್ನೂ ಜೋಡಿಸಿ ಒಂದು ಮಾಡೆಲ್ ನೀವೇ ಕಟ್ಟಿ. ಸೆಬಿ ಸ್ಥಾಪಿಸಿದ ಎನ್‌ಐಎಸ್‌ಎಂ ನಡೆಸುವ ಮರ್ಚೆಂಟ್ ಬ್ಯಾಂಕಿಂಗ್ ಪ್ರಮಾಣಪತ್ರ ಪರೀಕ್ಷೆಯನ್ನು ಬರೆಯಿರಿ. ಅಮೆರಿಕದ ಕಂಪನಿಗಳ ಮೇಲೆ ಕೆಲಸ ಮಾಡಿದ ನಿಮಗೆ ಭಾರತದ ಷೇರು ವಿತರಣೆ ಮತ್ತು ಸ್ವಾಧೀನದ ನಿಯಮಗಳು ಹೊಸವು, ಅಲ್ಲಿ ಅವು ಮೊದಲ ದಿನದಿಂದಲೇ ಬೇಕಾಗುತ್ತವೆ. ನಿಮ್ಮ ಬ್ಯಾಂಕಿಗೆ ಮುಂಬೈಯಲ್ಲಿ ವ್ಯವಹಾರ ತಂಡವಿದ್ದರೆ ಮೊದಲು ಒಳಗಿನ ವರ್ಗಾವಣೆಗೇ ಪ್ರಯತ್ನಿಸಿ. ಮೂರು ವರ್ಷ ದಾಟಿದ ಮೇಲೆ ಈ ಬದಲಾವಣೆ ಕಷ್ಟವಾಗುತ್ತದೆ, ಏಕೆಂದರೆ ಆಗ ನಿಮ್ಮ ಸಂಬಳಕ್ಕೆ ತಕ್ಕ ಅನುಭವವನ್ನು ಎದುರಿಗಿರುವವರು ನಿರೀಕ್ಷಿಸುತ್ತಾರೆ.

ಪ್ರಶ್ನೆ: ಹೂಡಿಕೆ ಬ್ಯಾಂಕಿಗೆ ಹೊಸದಾಗಿ ಸೇರಿದ್ದೇನೆ. ನಾವು ಕೆಲಸ ಮಾಡುತ್ತಿರುವ ಕಂಪನಿಯ ಷೇರು ಕೊಳ್ಳಬಹುದೇ ಎಂದು ಸೋದರಮಾವ ಕೇಳುತ್ತಿದ್ದಾರೆ. ನನ್ನ ಓದಿಗೆ ಅವರೇ ಖರ್ಚು ಮಾಡಿದವರು. "ಹೌದು" ಅಥವಾ "ಬೇಡ" ಎಂದಷ್ಟೇ ಹೇಳಿದರೆ ತಪ್ಪೇ?

ಉತ್ತರ: ತಪ್ಪು. ಆ ಒಂದು ಪದವೂ ಮಾಹಿತಿಯೇ. 2015ರ ಸೆಬಿ ನಿಯಮಗಳ ಪ್ರಕಾರ, ಷೇರಿನ ಬೆಲೆಯನ್ನು ಬದಲಿಸಬಲ್ಲ ಅಪ್ರಕಟಿತ ಮಾಹಿತಿಯನ್ನು ಕೆಲಸದ ಅಗತ್ಯವಿಲ್ಲದೆ ಇನ್ನೊಬ್ಬರಿಗೆ ತಿಳಿಸುವುದೇ ಉಲ್ಲಂಘನೆ. ನಿಮಗೆ ಒಂದು ರೂಪಾಯಿ ಲಾಭವಾಗದಿದ್ದರೂ ಹೊಣೆ ತಪ್ಪುವುದಿಲ್ಲ. ದಂಡ 25 ಕೋಟಿ ರೂಪಾಯಿ ಅಥವಾ ಗಳಿಸಿದ ಲಾಭದ ಮೂರು ಪಟ್ಟು, ಇವುಗಳಲ್ಲಿ ಹೆಚ್ಚಿನದರವರೆಗೆ ಹೋಗಬಹುದು; ಜೈಲು ಶಿಕ್ಷೆಗೂ ಕಾನೂನಿನಲ್ಲಿ ಅವಕಾಶವಿದೆ. ಗೋಲ್ಡ್‌ಮನ್ ಸ್ಯಾಕ್ಸ್‌ನ ನಿರ್ದೇಶಕರಾಗಿದ್ದ ರಜತ್ ಗುಪ್ತಾ ಅವರು ಆಡಳಿತ ಮಂಡಳಿಯ ಮಾತನ್ನು ಹೊರಗೆ ತಿಳಿಸಿದ್ದಕ್ಕಾಗಿ 2012ರಲ್ಲಿ ಅಮೆರಿಕದ ನ್ಯಾಯಾಲಯದಲ್ಲಿ ಅಪರಾಧಿಯೆಂದು ತೀರ್ಮಾನವಾಗಿ ಎರಡು ವರ್ಷಗಳ ಸೆರೆವಾಸಕ್ಕೆ ಗುರಿಯಾದರು. ಮಾವನವರಿಗೆ ನೇರವಾಗಿ ಹೇಳಿಬಿಡಿ: "ಮಾವ, ಯಾವ ಕಂಪನಿಯ ಷೇರಿನ ಬಗ್ಗೆಯೂ ನಾನು ಮಾತನಾಡುವ ಹಾಗಿಲ್ಲ, ದಯವಿಟ್ಟು ಇನ್ನು ಕೇಳಬೇಡಿ." ಯಾವ ಕಂಪನಿಯ ಕೆಲಸದಲ್ಲಿದ್ದೀರಿ ಎಂಬುದನ್ನೂ ಇನ್ನು ಮುಂದೆ ಮನೆಯಲ್ಲಿ ಹೇಳಬೇಡಿ. ಮಾವನವರಿಗೆ ಆ ಹೆಸರು ಗೊತ್ತಾಗಿರುವುದನ್ನು ನಿಮ್ಮ ಸಂಸ್ಥೆಯ ನಿಯಮಪಾಲನೆಯನ್ನು ನೋಡಿಕೊಳ್ಳುವ ಕಂಪ್ಲಯನ್ಸ್ ವಿಭಾಗಕ್ಕೆ ಇವತ್ತೇ ತಿಳಿಸಿ, ಅವರು ಹೇಳಿದಂತೆ ನಡೆದುಕೊಳ್ಳಿ.

ಪ್ರಶ್ನೆ: ನಾವು ಶಿರಸಿಯವರು. ಮಗಳು ಸಿಎ ಮುಗಿಸಿ ಮುಂಬೈಯ ಹೂಡಿಕೆ ಬ್ಯಾಂಕೊಂದಕ್ಕೆ ಸೇರಿ ಕೆಲವು ತಿಂಗಳುಗಳಾದವು. ಎಷ್ಟೋ ದಿನ ರಾತ್ರಿ ಒಂದು ಗಂಟೆಯಾದರೂ ಆಫೀಸಿನಲ್ಲೇ ಇರುತ್ತಾಳೆ. ಕೆಲಸ ಬಿಡಿಸಿ, ಬ್ಯಾಂಕ್ ಅಧಿಕಾರಿ ಪರೀಕ್ಷೆಗೆ ಕೂರಿಸೋಣ ಎಂದು ಇವರ ಅಭಿಪ್ರಾಯ. ಏನು ಮಾಡಲಿ?

ಉತ್ತರ: ಅಮ್ಮಾ, ನಿಮ್ಮ ಆತಂಕ ಸಕಾರಣವಾದದ್ದೇ. ಈ ವೃತ್ತಿಯಲ್ಲಿ ಕಿರಿಯರ ದುಡಿಮೆಯ ಹೊತ್ತು ಜಗತ್ತಿನಾದ್ಯಂತ ಮಿತಿಮೀರಿದೆ. ಜೆ.ಪಿ. ಮಾರ್ಗನ್ ಬ್ಯಾಂಕು 2024ರಲ್ಲಿ ತನ್ನ ಕಿರಿಯ ಬ್ಯಾಂಕರ್‌ಗಳಿಗೆ ವಾರಕ್ಕೆ 80 ಗಂಟೆಗಳ ಮಿತಿ ಹಾಕಿತೆಂಬುದು ದೊಡ್ಡ ಸುಧಾರಣೆಯಾಗಿ ಸುದ್ದಿಯಾಯಿತೆಂದರೆ, ಮೊದಲು ಹೇಗಿತ್ತೆಂದು ನೀವೇ ಊಹಿಸಬಹುದು.

ಆದರೆ ಆ ರಾತ್ರಿಗಳಲ್ಲಿ ಎರಡು ಬಗೆಗಳಿವೆ, ಅವನ್ನು ಬೇರೆ ಮಾಡಿ ನೋಡಬೇಕು. ಕಂಪನಿ ಮೊದಲ ಬಾರಿ ಸಾರ್ವಜನಿಕರಿಗೆ ಷೇರು ನೀಡುವಾಗ (ಐಪಿಒ) ಸಿದ್ಧಪಡಿಸುವ ಪ್ರಾಸ್ಪೆಕ್ಟಸ್ ಕರಡಿನಲ್ಲಿ ಕೊಡುವ ಲೆಕ್ಕಪತ್ರಗಳು ಆರು ತಿಂಗಳಿಗಿಂತ ಹಳೆಯವಾಗಿರಬಾರದೆಂಬ ನಿಯಮವಿದೆ. ಹಾಗಾಗಿ ಮಾರ್ಚ್ ಅಂತ್ಯದ ಲೆಕ್ಕಗಳನ್ನು ಆಧರಿಸಿದ ಕರಡುಗಳು ಸೆಪ್ಟೆಂಬರ್ ಮುಗಿಯುವುದರೊಳಗೆ ಸೆಬಿಗೆ ಸಲ್ಲಿಕೆಯಾಗಬೇಕು, ಸೆಪ್ಟೆಂಬರ್ ಲೆಕ್ಕದವು ಮಾರ್ಚ್ ಮುಗಿಯುವುದರೊಳಗೆ. ಆ ಗಡುವುಗಳ ಹಿಂದಿನ ವಾರಗಳಲ್ಲಿ ಕರಡಿನ ಪ್ರತಿಯೊಂದು ವಾಕ್ಯಕ್ಕೂ ದಾಖಲೆ ಹುಡುಕಿ ತಾಳೆ ನೋಡುವ ಕೆಲಸ ಕಿರಿಯರ ಮೇಲೆ ಬೀಳುತ್ತದೆ. ವಕೀಲರು, ಲೆಕ್ಕಪರಿಶೋಧಕರು, ಕಂಪನಿಯವರು ತಿದ್ದಿದ ಪ್ರತಿಗಳು ಬಂದು ಸೇರುವುದೇ ಸಂಜೆಯ ಮೇಲೆ. ಇದು ಕಠಿಣವಾದರೂ ಕಲಿಸುವ ಕೆಲಸ, ಗಡುವು ಮುಗಿದ ಮೇಲೆ ಬಿಡುವೂ ಸಿಗುತ್ತದೆ. ಯಾವ ಗಡುವೂ ಇಲ್ಲದೆ, ಹಿರಿಯರು ಹಗಲೆಲ್ಲ ಸುಮ್ಮನಿದ್ದು ರಾತ್ರಿ ಎಂಟಕ್ಕೆ ಕೆಲಸ ಕೊಡುವ ಅಭ್ಯಾಸದಿಂದ ತಿಂಗಳುಗಟ್ಟಲೆ ನಿದ್ದೆಗೆಡುತ್ತಿದ್ದರೆ ಅದು ತಂಡದ ದೋಷ. ಅಂತಹ ತಂಡವನ್ನು ಬಿಡುವುದು ಸೋಲೇನೂ ಅಲ್ಲ. ಯಾವ ಬಗೆಯದೆಂದು ಮಗಳನ್ನೇ ಕೇಳಿ. ಫೋನು ಮಾಡಿದಾಗಲೆಲ್ಲ "ಬಿಟ್ಟು ಬಾ" ಎಂದರೆ ಅವಳು ನಿಜ ಹೇಳುವುದನ್ನೇ ನಿಲ್ಲಿಸುತ್ತಾಳೆ. ಊಟ, ನಿದ್ದೆ, ತೂಕ, ಮಾತಿನ ಧಾಟಿ ಇವುಗಳಲ್ಲಿ ಬದಲಾವಣೆ ಕಂಡರೆ ಮಾತ್ರ ತಡಮಾಡದೆ ಮುಂಬೈಗೆ ಹೋಗಿ ಕೆಲವು ದಿನ ಅವಳ ಜೊತೆಗಿರಿ, ವೈದ್ಯರಿಗೂ ತೋರಿಸಿ.

ಅವಳಿಗೆ ಆಸಕ್ತಿಯಿದ್ದು, ಆರೋಗ್ಯವೂ ನೆಟ್ಟಗಿದ್ದರೆ, ಎರಡು ವರ್ಷ ಪೂರೈಸಲಿ. ಒಂದಾದರೂ ವ್ಯವಹಾರವನ್ನು ಮೊದಲಿನಿಂದ ಕೊನೆಯವರೆಗೆ ಕಂಡವರಿಗೆ ಕಂಪನಿಗಳ ಹಣಕಾಸು ವಿಭಾಗ, ಖಾಸಗಿ ಹೂಡಿಕೆ ನಿಧಿ, ಕಾರ್ಪೊರೇಟ್ ಬ್ಯಾಂಕಿಂಗ್, ಎಲ್ಲವೂ ತೆರೆದಿರುತ್ತವೆ. ಬೆಂಗಳೂರಿಗೆ ಹಿಂದಿರುಗುವುದೂ ಆಗ ಸುಲಭ. ಇನ್ನೊಂದು ಮಾತನ್ನು ನಿಮ್ಮ ಯಜಮಾನರಿಗೂ ತಿಳಿಸಿ: ಈ ಕೆಲಸದ ಆದಾಯದಲ್ಲಿ ದೊಡ್ಡ ಭಾಗ ಬೋನಸ್, ಮಾರುಕಟ್ಟೆ ಮಂಕಾದ ವರ್ಷ ಅದು ಬಹುತೇಕ ಬಾರದೆಯೂ ಇರಬಹುದು. ಅದನ್ನು ನೆಚ್ಚಿ ಮನೆಸಾಲದ ಕಂತು ಕಟ್ಟಿಕೊಂಡರೆ, ಕೆಟ್ಟ ತಂಡವನ್ನು ಬಿಡುವ ಸ್ವಾತಂತ್ರ್ಯವೂ ಅವಳಿಗೆ ಉಳಿಯುವುದಿಲ್ಲ.

ಪ್ರಶ್ನೆ: ಸಾರ್ವಜನಿಕ ವಲಯದ ಬ್ಯಾಂಕಿನಲ್ಲಿ ಪ್ರೊಬೇಷನರಿ ಅಧಿಕಾರಿಯಾಗಿ ಸೇರಿ, ಈಗ ಸಿಂಧನೂರಿನ ಶಾಖೆಯಲ್ಲಿ ಸಾಲದ ಮೇಜಿನಲ್ಲಿದ್ದೇನೆ. ಇಲ್ಲಿರುವುದೆಲ್ಲ ಅಕ್ಕಿ ಗಿರಣಿ, ಬೀಜ–ಗೊಬ್ಬರದ ಅಂಗಡಿಗಳ ಖಾತೆಗಳು. ದೊಡ್ಡ ಕಂಪನಿಗಳ ಸಾಲದ ವಿಭಾಗಕ್ಕೆ ಹೋಗಬೇಕೆಂಬ ಆಸೆ. ಇಲ್ಲಿ ವರ್ಷಗಳು ವ್ಯರ್ಥವಾಗುತ್ತಿವೆಯೇ?

ಉತ್ತರ: ವ್ಯರ್ಥವಾಗುತ್ತಿಲ್ಲ. ನಿಮ್ಮ ಪತ್ರಕ್ಕೆ ಉತ್ತರಿಸಲು ನನಗೆ ವಿಶೇಷ ಸಂತೋಷ, ಏಕೆಂದರೆ ಮುಂಬೈಯ ಕಾರ್ಪೊರೇಟ್ ಶಾಖೆಯಲ್ಲಿ ನೇರವಾಗಿ ಸೇರಿದವರಿಗೆ ಸಿಗದ ಒಂದು ಅನುಕೂಲ ನಿಮಗಿದೆ: ಸಾಲಗಾರರ ಗೋದಾಮು ನಿಮ್ಮ ಶಾಖೆಯಿಂದ ನಡೆದು ಹೋಗುವಷ್ಟು ದೂರದಲ್ಲಿದೆ.

ಗಿರಣಿಯೊಂದರ ವಾರ್ಷಿಕ ವಹಿವಾಟು 10 ಕೋಟಿ ಎಂದಿಟ್ಟುಕೊಳ್ಳೋಣ. ಸಣ್ಣ ಉದ್ದಿಮೆಗಳ ಸಾಲಕ್ಕಾಗಿ ರೂಪಿಸಿದ ನಾಯಕ್ ಸಮಿತಿಯ ಸೂತ್ರದಂತೆ ವಹಿವಾಟಿನ ಶೇ 25, ಅಂದರೆ ಎರಡೂವರೆ ಕೋಟಿ, ದಿನನಿತ್ಯದ ವ್ಯವಹಾರಕ್ಕೆ ದುಡಿಯುವ ಬಂಡವಾಳವಾಗಿ ಬೇಕು. ಅದರಲ್ಲಿ 50 ಲಕ್ಷ ಮಾಲೀಕರದು, ಎರಡು ಕೋಟಿ ಬ್ಯಾಂಕಿನದು. ಹೆಚ್ಚಿನ ಅಧಿಕಾರಿಗಳು ಇಲ್ಲಿಗೆ ನಿಲ್ಲಿಸುತ್ತಾರೆ. ನೀವು ಮುಂದಕ್ಕೆ ಹೋಗಿ. ಭತ್ತದ ಖರೀದಿ ವರ್ಷವಿಡೀ ಸಮನಾಗಿ ನಡೆಯುವುದಿಲ್ಲ. ತುಂಗಭದ್ರಾ ಅಚ್ಚುಕಟ್ಟಿನಲ್ಲಿ ಸುಗ್ಗಿಯ ಕೆಲವು ವಾರಗಳಲ್ಲಿ ಗಿರಣಿಯವರು ತಿಂಗಳುಗಳಿಗೆ ಸಾಲುವಷ್ಟು ಭತ್ತವನ್ನು ಒಮ್ಮೆಗೇ ತುಂಬಿಕೊಳ್ಳುತ್ತಾರೆ. ಆಗ ಎರಡು ಕೋಟಿ ಸಾಲದು. ದಾಸ್ತಾನು ಕರಗಿದ ತಿಂಗಳುಗಳಲ್ಲಿ ಅದೇ ಎರಡು ಕೋಟಿ ಹೆಚ್ಚಾಗಿ, ನಿವೇಶನವೋ ಕಾರೋ ಆಗುವ ಅಪಾಯವಿದೆ. ಸ್ಟಾಕ್ ಸ್ಟೇಟ್‌ಮೆಂಟ್‌ನಲ್ಲಿ ಬರೆದ ಮೂಟೆಗಳನ್ನು ಗೋದಾಮಿನಲ್ಲಿ ಎಣಿಸಿ. ಉದ್ದರಿಯಾಗಿ ತಂದ ಭತ್ತಕ್ಕೆ ಕೊಡಬೇಕಾದ ಬಾಕಿಯನ್ನು ಕಳೆದ ಮೇಲೆಯೇ ಡ್ರಾಯಿಂಗ್ ಪವರ್, ಅಂದರೆ ದಾಸ್ತಾನಿನ ಆಧಾರದ ಮೇಲೆ ಅವರು ತೆಗೆಯಬಹುದಾದ ಹಣದ ಮಿತಿ, ಲೆಕ್ಕ ಹಾಕಿ. ಗಿರಣಿಯ ವಿದ್ಯುತ್ ಬಿಲ್ಲನ್ನು ಉತ್ಪಾದನೆಯ ಅಂಕಿಯೊಂದಿಗೆ, ಜಿಎಸ್‌ಟಿ ರಿಟರ್ನನ್ನು ಮಾರಾಟದ ಅಂಕಿಯೊಂದಿಗೆ ಹೋಲಿಸಿ ನೋಡಿ. ಉಕ್ಕಿನ ಕಾರ್ಖಾನೆಗೆ ಸಾವಿರ ಕೋಟಿ ಕೊಡುವಾಗಲೂ ಕೇಳುವ ಪ್ರಶ್ನೆಗಳು ಇವೇ. ಅಲ್ಲಿ ಅವು ನೂರು ಪುಟಗಳ ವರದಿಯ ಹಿಂದೆ ಮರೆಯಾಗಿರುತ್ತವೆ.

ಆ ಪ್ರಶ್ನೆಗಳು ಮರೆತುಹೋದಾಗ ಏನಾಗುತ್ತದೆ ಎಂಬುದನ್ನು ಬೆಂಗಳೂರಿನ ಕಿಂಗ್‌ಫಿಷರ್ ಏರ್‌ಲೈನ್ಸ್ ಪ್ರಕರಣದಲ್ಲಿ ಓದಿ ತಿಳಿಯಿರಿ. ಎಸ್‌ಬಿಐ ನೇತೃತ್ವದಲ್ಲಿ ಹದಿನೇಳು ಬ್ಯಾಂಕುಗಳು ಸಾಲ ಕೊಟ್ಟಿದ್ದವು. ಭದ್ರತೆಗಳಲ್ಲಿ ಆ ವಿಮಾನ ಸಂಸ್ಥೆಯ ಬ್ರ್ಯಾಂಡ್ ಕೂಡ ಇತ್ತು. 2012ರ ಅಕ್ಟೋಬರ್‌ನಲ್ಲಿ ವಿಮಾನಗಳ ಹಾರಾಟ ನಿಂತಿತು. 2016ರ ಏಪ್ರಿಲ್‌ನಲ್ಲಿ ಬ್ಯಾಂಕುಗಳು ಆ ಬ್ರ್ಯಾಂಡನ್ನು 366.70 ಕೋಟಿ ರೂಪಾಯಿಯ ಮೂಲಬೆಲೆಗೆ ಹರಾಜಿಗಿಟ್ಟಾಗ ಕೂಗಲು ಒಬ್ಬರೂ ಮುಂದೆ ಬರಲಿಲ್ಲ. ವಿಮಾನ ಹಾರುವಾಗ ಮಾತ್ರ ಬೆಲೆಯಿರುವ ಹೆಸರನ್ನು, ವಿಮಾನ ನಿಂತ ದಿನಕ್ಕೆ ಭದ್ರತೆಯೆಂದು ಇಟ್ಟುಕೊಳ್ಳಲಾಗಿತ್ತು. ಸಾಲ ತೀರಬೇಕಾದದ್ದು ವ್ಯಾಪಾರದಿಂದ ಬರುವ ನಗದಿನಿಂದ. ಅಡಮಾನವನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದು ಅದರ ನಂತರ. ಕಾರ್ಪೊರೇಟ್ ವಿಭಾಗದ ಸಂದರ್ಶನದಲ್ಲಿ ಈ ಕ್ರಮದಲ್ಲಿ ಯೋಚಿಸುವವರನ್ನು ಹಿರಿಯರು ಕೂಡಲೇ ಗುರುತಿಸುತ್ತಾರೆ.

ಈಗ ಮಾಡಬೇಕಾದದ್ದು. ಬ್ಯಾಂಕ್ ನೌಕರರ ವೃತ್ತಿ ಪರೀಕ್ಷೆಗಳಲ್ಲಿ ಜೆಎಐಐಬಿ ಮುಗಿಸಿ, ಸಿಎಐಐಬಿ ಬರೆಯಿರಿ. ಅವನ್ನು ನಡೆಸುವ ಐಐಬಿಎಫ್ ಸಂಸ್ಥೆಯ ಸರ್ಟಿಫೈಡ್ ಕ್ರೆಡಿಟ್ ಪ್ರೊಫೆಷನಲ್ ಪರೀಕ್ಷೆಯನ್ನೂ ಪಾಸು ಮಾಡಿಕೊಳ್ಳಿ. ನೇರವಾಗಿ ಬೃಹತ್ ಕಾರ್ಪೊರೇಟ್ ಶಾಖೆಗೆ ಹಾರುವುದಕ್ಕಿಂತ, ಮೊದಲು ಹುಬ್ಬಳ್ಳಿ ಅಥವಾ ಬೆಂಗಳೂರಿನ ಮಧ್ಯಮ ಉದ್ದಿಮೆಗಳ ಸಾಲದ ಶಾಖೆಯನ್ನೋ ಪ್ರಾದೇಶಿಕ ಕಚೇರಿಯ ಸಾಲ ಪರಿಶೀಲನಾ ವಿಭಾಗವನ್ನೋ ಕೇಳಿಕೊಳ್ಳುವುದು ಒಳ್ಳೆಯದು. ಅಲ್ಲಿ ಹತ್ತಾರು ಶಾಖೆಗಳ ಪ್ರಸ್ತಾವಗಳು ನಿಮ್ಮ ಮೇಜಿನ ಮೇಲೆ ಹಾದುಹೋಗುತ್ತವೆ. ವರ್ಗಾವಣೆಯ ಅರ್ಜಿಯೊಂದಿಗೆ ಒಂದು ಪುಟದ ಪಟ್ಟಿ ಲಗತ್ತಿಸಿ: ನೀವು ಸಿದ್ಧಪಡಿಸಿದ ಪ್ರಸ್ತಾವಗಳೆಷ್ಟು, ಯಾವ ಮೊತ್ತದವು, ಅವುಗಳಲ್ಲಿ ಯಾವುವು ಕಂತು ತಪ್ಪಿ ಮೂವತ್ತು, ಅರವತ್ತು ದಿನಗಳ ಎಚ್ಚರಿಕೆ ಪಟ್ಟಿಗೆ ಬಂದವು, ಅವನ್ನು ತೊಂಬತ್ತು ದಿನ ದಾಟಿ ವಸೂಲಾಗದ ಸಾಲ, ಅಂದರೆ ಎನ್‌ಪಿಎ ಆಗುವ ಮೊದಲು ಹೇಗೆ ಸರಿಪಡಿಸಿದಿರಿ. ಕೆಟ್ಟ ಖಾತೆಗಳನ್ನು ಆ ಪಟ್ಟಿಯಿಂದ ಬಿಡಬೇಡಿ, ಪ್ರಾದೇಶಿಕ ಕಚೇರಿಯಲ್ಲಿ ಅವುಗಳ ವಿವರ ಹೇಗೂ ಇರುತ್ತದೆ.